ಪುಟ್ಟನಿಗೆ ಪುಟ್ಟನನ್ನೇ ತೋರಿಸಿದ್ದು: ತರಗತಿಗೆ ಎರಡು ನಿಮಿಷದ ವಿಡಿಯೋ ಮಾಡುವ ಬಗೆ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ನಲಿಕಲಿ ತರಗತಿಯಲ್ಲಿ (ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ತರಗತಿ) ಮೂರನೇ ಕ್ಲಾಸಿನ ಹುಡುಗನೊಬ್ಬ ಇದ್ದ. ನಿಜವಾದ ಹೆಸರು ಬೇಡ, ಪುಟ್ಟ ಅಂತ ಇಟ್ಟುಕೊಳ್ಳೋಣ. ಟ್ರೇಯಲ್ಲಿ ತನ್ನ ಕಾರ್ಡು ತಾನು ಹುಡುಕಿಕೊಳ್ಳುವ ಬದಲು ಪಕ್ಕದವರ ಕೈಯಲ್ಲಿರುವುದನ್ನು ಕಿತ್ತುಕೊಳ್ಳುವುದು, ಕೊಡದಿದ್ದರೆ ಜಡೆ ಎಳೆಯುವುದು, ನಾನು ಇನ್ನೊಂದು ತಟ್ಟೆಯ, ಅಂದರೆ ಇನ್ನೊಂದು ಗುಂಪಿನ, ಮಕ್ಕಳ ಜೊತೆ ಕೂತಿದ್ದರೆ ಬಾಗಿಲಾಚೆ ಹೋಗಿ ತೆಂಗಿನ ಗರಿ ಎಳೆದುಕೊಂಡು ಬರುವುದು, ಇದು ಅವನ ದಿನಚರಿ. ಅವರಪ್ಪ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾರೆ, ಊರಿಗೆ ಬರುವುದು ಹಬ್ಬಕ್ಕೆ ಮಾತ್ರ. ಗೌರಿ ಹಬ್ಬಕ್ಕೆ ಬಂದವರು ಶಾಲೆ ಕಡೆ ಬಂದಾಗ, "ನಿಮ್ಮ ಮಗ ಏನು ಮಾಡ್ತಾನೆ ನೀವೇ ನೋಡಿ" ಅಂತ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಐದಾರು ತುಣುಕು ತೋರಿಸಿದೆ. ಪುಟ್ಟನೂ ಪಕ್ಕದಲ್ಲೇ ನಿಂತು ಕತ್ತು ಚಾಚಿ ನೋಡಿದ. ಅಪ್ಪ ಅಲ್ಲೇ ಬೆನ್ನಿಗೆ ಎರಡು ಬಿಟ್ಟರು. ಮಾರನೆಯ ದಿನ ಅವನು ತರಗತಿಗೆ ಬಂದು ಮಾಡಿದ ಮೊದಲ ಕೆಲಸವೆಂದರೆ, ವಿಡಿಯೋದಲ್ಲಿದ್ದಂತೆಯೇ ಹಲ್ಲು ಕಿರಿದು ಜಡೆ ಎಳೆದದ್ದು. "ಮಿಸ್, ಈಗ ಹಿಡೀರಿ" ಅಂತ ಬೇರೆ ಅಂದ.

ನಮ್ಮದು ಅರಸೀಕೆರೆ ಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಇಬ್ಬರು ಶಿಕ್ಷಕರು. ನಾಲ್ಕು, ಐದನೇ ಕ್ಲಾಸು ಹೆಡ್ ಮಾಸ್ಟರಿಗೆ. ಒಂದರಿಂದ ಮೂರರವರೆಗಿನ ಹದಿನೇಳು ಮಕ್ಕಳು ನನಗೆ. ನಲಿಕಲಿಯಲ್ಲಿ ಮಕ್ಕಳು ಓಡಾಡಬೇಕು, ಕಾರ್ಡು ತರಬೇಕು, ಇಡಬೇಕು, ಒಬ್ಬರಿಗೊಬ್ಬರು ಹೇಳಿಕೊಡಬೇಕು. ಎಲ್ಲರನ್ನೂ ಕೈಕಟ್ಟಿ ಕೂರಿಸಿ ಪಾಠ ಮಾಡುವ ಕ್ಲಾಸಾದರೆ ಒಬ್ಬ ಎದ್ದರೆ ಗೊತ್ತಾಗುತ್ತದೆ. ಇಲ್ಲಿ ಏಳುವುದೇ ಪಾಠ. ಹಾಗಾಗಿ "ಸುಮ್ನೆ ಕೂತ್ಕೋ" ಅನ್ನುವ ನಮ್ಮ ಹಳೆಯ ಮಂತ್ರ ಇಲ್ಲಿ ನಡೆಯುವುದಿಲ್ಲ. ಏಳಬೇಕು, ಆದರೆ ಹೇಗೆ ಏಳಬೇಕು ಅನ್ನುವುದನ್ನು ಮಗುವಿಗೆ ತೋರಿಸಿಕೊಡಬೇಕು.

ತಿಂಗಳಿಗೊಮ್ಮೆ ಬರುವ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರ ಹತ್ತಿರ ಈ ಜಡೆಯ ಕತೆ ಹೇಳಿಕೊಂಡೆ. ಅವರು ನಕ್ಕು, "ಮೇಡಂ, ನೀವು ಮಾಡಿದ್ದು ಸರಿಯಾದ ಕೆಲಸವೇ, ಆದರೆ ತಿರುಗಾ ಮುರುಗಾ ಮಾಡಿದ್ದೀರಿ" ಅಂದರು. ವಿಡಿಯೋ ಸೆಲ್ಫ್ ಮಾಡೆಲಿಂಗ್ ಅನ್ನುವ ಹೆಸರು ನಾನು ಕೇಳಿದ್ದು ಆವತ್ತೇ.

ಹೆಸರು ಉದ್ದ, ವಿಷಯ ಚಿಕ್ಕದು. ಮಗು ಸರಿಯಾಗಿ ನಡೆದುಕೊಂಡ ಗಳಿಗೆಗಳನ್ನಷ್ಟೇ ಹೆಕ್ಕಿ ಎರಡು ನಿಮಿಷದ ವಿಡಿಯೋ ಮಾಡಿ, ಅದನ್ನು ಅದೇ ಮಗುವಿಗೆ ಮತ್ತೆ ಮತ್ತೆ ತೋರಿಸುವುದು. ಅದರಲ್ಲಿ ಅವನ ತಪ್ಪು ಇರಕೂಡದು, ನಮ್ಮ ಗದರಿಕೆ ಇರಕೂಡದು, "ಹೋಗು, ತಗೋ, ಕೂತ್ಕೋ" ಅಂತ ನಾವು ಹೇಳಿಕೊಟ್ಟ ದನಿಯೂ ಇರಕೂಡದು. ನೋಡುವ ಮಗುವಿಗೆ ಇಷ್ಟೇ ಕಾಣಬೇಕು: ನಾನು ಇದನ್ನು ಮಾಡಿದೆ, ನಾನೇ ಮಾಡಿದೆ.

ಇದೇನು ನಿನ್ನೆ ಮೊನ್ನೆಯದಲ್ಲ. ಮಕ್ಕಳು ನೋಡಿ ಕಲಿಯುತ್ತಾರೆ, ಅದರಲ್ಲೂ ತಮ್ಮಂಥವರನ್ನು ನೋಡಿ ಬೇಗ ಕಲಿಯುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1960ರ ದಶಕದಲ್ಲೇ ತೋರಿಸಿದ್ದರು. ತನಗೆ ತನ್ನಷ್ಟು ಹೋಲುವವರು ಇನ್ಯಾರಿದ್ದಾರೆ? 1970ರಲ್ಲಿ ಥಾಮಸ್ ಕ್ರೀರ್ ಮತ್ತು ಡೊನಾಲ್ಡ್ ಮಿಕ್ಲಿಚ್ ಅನ್ನುವವರು ಅಮೆರಿಕದ ಡೆನ್ವರಿನಲ್ಲಿ, ಆಸ್ತಮಾ ಇರುವ ಮಕ್ಕಳು ಉಳಿದುಕೊಳ್ಳುತ್ತಿದ್ದ ಒಂದು ಚಿಕಿತ್ಸಾ ಕೇಂದ್ರದಲ್ಲಿ, ಹತ್ತು ವರ್ಷದ ಹುಡುಗನೊಬ್ಬನಿಂದ ಒಳ್ಳೆಯ ನಡತೆಯನ್ನೂ ಕೆಟ್ಟ ನಡತೆಯನ್ನೂ ನಾಟಕದ ಹಾಗೆ ಮಾಡಿಸಿ ಟೇಪು ಮಾಡಿಕೊಂಡರು. ನಾಟಕ ಆಡಿದ್ದರಿಂದಲೇ ಅವನು ಬದಲಾಗಲಿಲ್ಲ. ಒಳ್ಳೆಯ ಟೇಪು ನೋಡುತ್ತಿದ್ದಾಗ ಸುಧಾರಿಸಿದ. ಕೆಟ್ಟದ್ದನ್ನು ತೋರಿಸಿದಾಗ ಮತ್ತೆ ಹಳೆಯ ದಾರಿ ಹಿಡಿದ. ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಗೌರಿ ಹಬ್ಬದ ಮಾರನೆಯ ದಿನವೇ. ನಾನು ಗೊತ್ತಿಲ್ಲದೆ ಪುಟ್ಟನಿಗೆ ಎರಡನೇ ಟೇಪು ತೋರಿಸಿದ್ದೆ.

ಯಾರಿಗೆ ಮಾಡಬೇಕು, ಯಾರಿಗೆ ಬೇಡ

ಮೊಬೈಲ್ ತೆಗೆಯುವ ಮೊದಲು ಒಂದು ವಾರ ಬರೀ ನೋಡಿ. ಮಗು ಯಾಕೆ ಹೀಗೆ ಮಾಡುತ್ತಿದೆ ಅನ್ನುವುದು ಗೊತ್ತಾಗದೆ ವಿಡಿಯೋ ಮಾಡುವುದು, ಜ್ವರಕ್ಕೆ ಹಣೆಗೆ ಬೊಟ್ಟಿಟ್ಟ ಹಾಗೆ. ನಮ್ಮಲ್ಲೇ ಎರಡನೇ ಕ್ಲಾಸಿನ ಒಂದು ಹುಡುಗಿ, ಏನು ಹೇಳಿದರೂ ತಿರುಗಿ ನೋಡದು, ಕರೆದರೆ ಬಾರದು. ಹಟ ಅಂತಲೇ ಅಂದುಕೊಂಡಿದ್ದೆ. ಒಂದು ದಿನ ತಲೆ ಬಾಚುವಾಗ ಏನೋ ಕೆಟ್ಟ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ಎಡಗಿವಿ ಸೋರುತ್ತಿದೆ. ಶಾಲಾ ಆರೋಗ್ಯ ತಪಾಸಣೆಗೆ ಬಂದ ತಂಡಕ್ಕೆ ತೋರಿಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಔಷಧಿ ಆಯಿತು, ಅವಳನ್ನು ಮುಂದಿನ ಸಾಲಿಗೆ ತಂದು ಬಲಗಿವಿ ನನ್ನ ಕಡೆ ಬರುವ ಹಾಗೆ ಕೂರಿಸಿದೆ, ಹಟವೂ ಹೋಯಿತು. ಕಣ್ಣು, ಕಿವಿ, ಹಸಿವು, ಮನೆಯ ಜಗಳ, ಮಗುವಿನ ಮಟ್ಟ ಮೀರಿದ ಪಾಠ, ಇವನ್ನೆಲ್ಲ ಮೊದಲು ತೆಗೆದುಹಾಕಿ.

ಆಮೇಲೆ ಒಂದು ಚಿಕ್ಕ ಪರೀಕ್ಷೆ. ಮೊಬೈಲಿನಲ್ಲಿ ಅವನದೇ ಹತ್ತು ಸೆಕೆಂಡಿನ ಯಾವುದಾದರೂ ವಿಡಿಯೋ, ಆಟ ಆಡುವುದೋ ಊಟ ಮಾಡುವುದೋ, ತೋರಿಸಿ. ಮುಖ ಅರಳಿ "ಇನ್ನೊಂದ್ಸಲ ಮಿಸ್" ಅಂದರೆ ಮುಂದುವರಿಯಬಹುದು. ಮುಖ ಮುಚ್ಚಿಕೊಂಡರೆ, ಓಡಿಹೋದರೆ, ಬಿಟ್ಟುಬಿಡಿ. ಎರಡು ನಿಮಿಷ ಪರದೆ ನೋಡಲಾಗದ ಚಿಕ್ಕ ಮಕ್ಕಳಿಗೂ ಇದು ಒಗ್ಗುವುದಿಲ್ಲ. ಆಟಿಸಂ ಇರುವ ಮಕ್ಕಳಿಗೆ ಬೇಡ ಅಂತ ಕೆಲವರು ತಿಳಿದಿದ್ದಾರೆ, ಅದು ತಪ್ಪು. ಬೆಲ್ಲಿನಿ ಮತ್ತು ಅಕುಲಿಯನ್ ಅನ್ನುವ ಸಂಶೋಧಕರು 2007ರಲ್ಲಿ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ವಿಡಿಯೋದಿಂದ ಕಲಿಸುವುದು ಅಂಥ ಮಕ್ಕಳಿಗೆ ಚೆನ್ನಾಗಿಯೇ ಹಿಡಿಸುತ್ತದೆ ಅಂದಿದ್ದಾರೆ. ಆದರೆ ಅಂಥ ಮಗುವಿದ್ದರೆ ಒಬ್ಬರೇ ಕೈ ಹಾಕಬೇಡಿ, ಸಂಪನ್ಮೂಲ ಶಿಕ್ಷಕರನ್ನೂ ಕೂರಿಸಿಕೊಳ್ಳಿ.

ಒಂದೇ ಒಂದು ನಡತೆ

ಪುಟ್ಟನ ಬಗ್ಗೆ ನನ್ನ ಹತ್ತಿರ ದೂರಿನ ಪಟ್ಟಿಯೇ ಇತ್ತು. ಅದರಲ್ಲಿ ಒಂದನ್ನು ಆರಿಸಿಕೊಂಡೆ: ಕಾರ್ಡು ಕಿತ್ತುಕೊಳ್ಳುವುದು. ಆರಿಸಿದ ಮೇಲೆ ಅದನ್ನು ಮಗು *ಮಾಡಬೇಕಾದ* ಕೆಲಸವಾಗಿ ತಿರುಗಿಸಿ ಬರೆದುಕೊಳ್ಳಬೇಕು. "ಕಿತ್ತುಕೊಳ್ಳಬಾರದು" ಅನ್ನುವುದನ್ನು ವಿಡಿಯೋ ಮಾಡಲು ಬರುವುದಿಲ್ಲ. ಮಾಡದೇ ಇರುವುದಕ್ಕೆ ಚಿತ್ರವೆಲ್ಲಿಂದ ಬರಬೇಕು? ನಾನು ಡೈರಿಯಲ್ಲಿ ಬರೆದುಕೊಂಡದ್ದು ಹೀಗೆ: ಏಣಿಯಲ್ಲಿ (ಯಾವ ಪಾಠ ಆದ ಮೇಲೆ ಯಾವುದು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ) ತನ್ನ ಮೆಟ್ಟಿಲು ನೋಡುತ್ತಾನೆ, ಟ್ರೇಯಲ್ಲಿ ಕಾರ್ಡು ಹುಡುಕುತ್ತಾನೆ, ಬೇರೆಯವರ ಹತ್ತಿರ ಇದ್ದರೆ "ಮುಗಿದ ಮೇಲೆ ನಂಗೆ ಕೊಡ್ತೀಯಾ" ಅಂತ ಕೇಳುತ್ತಾನೆ, ಕಾಯುತ್ತಾನೆ, ತನ್ನ ತಟ್ಟೆಗೆ ಹೋಗಿ ಕೂತು ಮಾಡುತ್ತಾನೆ, ಕಾರ್ಡನ್ನು ವಾಪಸ್ಸು ಇಡುತ್ತಾನೆ.

ಈಗ ಎಣಿಸಿ. ಬೆಳಿಗ್ಗೆಯ ಮೊದಲ ಅರ್ಧ ಗಂಟೆಯಲ್ಲಿ ಎಷ್ಟು ಸಲ ಕಿತ್ತುಕೊಂಡ? ಹದಿನೇಳು ಮಕ್ಕಳ ನಡುವೆ ಪೆನ್ನು ಪುಸ್ತಕ ಹಿಡಿದು ಗೆರೆ ಎಳೆಯುವ ಪುರುಸೊತ್ತು ಯಾರಿಗಿದೆ. ಲೆಕ್ಕಕ್ಕೆ ಅಂತ ಇಟ್ಟಿರುವ ಹುಣಸೆ ಬೀಜ ಒಂದು ಡಬ್ಬಿಯಲ್ಲಿ ತುಂಬಿ ಮೇಜಿನ ಮೇಲಿಟ್ಟೆ. ಪ್ರತಿ ಸಲಕ್ಕೆ ಒಂದು ಬೀಜ ಅದರ ಮುಚ್ಚಳಕ್ಕೆ. ಅರ್ಧ ಗಂಟೆ ಆದ ಮೇಲೆ ಮುಚ್ಚಳದಲ್ಲಿರುವುದನ್ನು ಎಣಿಸಿ ಬರೆದಿಡುವುದು. ಐದು ದಿನದ ಲೆಕ್ಕ 9, 7, 11, 8, 10. ನಾನು ಹೆಡ್ ಮಾಸ್ಟರ ಹತ್ತಿರ "ಅರ್ಧ ಗಂಟೇಲಿ ಐವತ್ತು ಸಲ ಕಿತ್ಕೊಳ್ತಾನೆ ಸಾರ್" ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಎಣಿಸಿದ್ದರಿಂದ ಆದ ಮೊದಲ ಲಾಭ ಅಂದರೆ ನನ್ನ ಕೋಪ ಸ್ವಲ್ಪ ಇಳಿದದ್ದು.

ಒಪ್ಪಿಗೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ವಿಚಾರದಲ್ಲಿ ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಕೇಳಬೇಕು. ಹೆಡ್ ಮಾಸ್ಟರಿಗೆ ಮೊದಲು ಹೇಳಿ, ಎಸ್‌.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಕಿವಿಗೂ ಹಾಕಿ, ಆಮೇಲೆ "ಮೇಡಂ ಮಕ್ಕಳ ವಿಡಿಯೋ ಮಾಡ್ತಾರಂತೆ" ಅಂತ ಊರಲ್ಲಿ ಸುದ್ದಿ ಹಬ್ಬುವುದು ಬೇಡ.

ಪುಟ್ಟನ ಮನೆಯಲ್ಲಿ ಇದ್ದದ್ದು ಅಜ್ಜಿ. ಹಿಂದಿನ ಸಲದ ಏಟು ಅವರಿಗೂ ನೆನಪಿತ್ತು. "ಮೇಡಮ್ಮೋರೆ, ಮತ್ತೆ ಏನು ಮಾಡವ್ನೆ ಇವ್ನು? ಅವರಪ್ಪಂಗೆ ಮಾತ್ರ ತೋರಿಸಬ್ಯಾಡಿ" ಅಂದರು. ಕೂತು ಬಿಡಿಸಿ ಹೇಳಿದೆ: ಈ ಸಲ ಒಳ್ಳೆಯದನ್ನು ಮಾತ್ರ ಹಿಡಿಯುವುದು, ಅವನಿಗೆ ಮಾತ್ರ ತೋರಿಸುವುದು, ವರ್ಷ ಮುಗಿದ ಮೇಲೆ ಅಳಿಸುವುದು. ಅಪ್ಪನಿಗೆ ಫೋನ್ ಹಚ್ಚಿ ಅವರ ಒಪ್ಪಿಗೆಯನ್ನೂ ತೆಗೆದುಕೊಂಡೆ. ಅರ್ಧ ಹಾಳೆಯಲ್ಲಿ ಇದನ್ನೇ ಬರೆದು ಓದಿ ಹೇಳಿ, ಅಜ್ಜಿಯ ಹೆಬ್ಬೆಟ್ಟು ಹಾಕಿಸಿದೆ, ಹಬ್ಬಕ್ಕೆ ಬಂದಾಗ ಅಪ್ಪನ ಸಹಿ. ವಿಡಿಯೋದಲ್ಲಿ ಪಕ್ಕದಲ್ಲಿ ಕಾಣಿಸುವ ಮಗುವಿನ ಮನೆಯಿಂದಲೂ ಹಾಗೇ. ಕೊನೆಗೆ ಪುಟ್ಟನನ್ನೇ ಕೇಳಿದೆ. "ಹೂಂ" ಅಂದ. "ಬೇಡ" ಅಂದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಶಾಲೆಯ ವಾಟ್ಸಾಪ್ ಗುಂಪಿಗೆ ಇದನ್ನು ಹಾಕುವ ಆಸೆ ಬರುತ್ತದೆ. ಹಾಕಬೇಡಿ. ಸ್ಟೇಟಸ್ಸಿಗಂತೂ ಬೇಡವೇ ಬೇಡ. ಮೊಬೈಲಿನಲ್ಲಿ ತಾನಾಗಿ ಬ್ಯಾಕಪ್ ಆಗುವ ಸೌಲಭ್ಯ ಇದ್ದರೆ ಈ ವಿಡಿಯೋಗಳಿರುವ ಫೋಲ್ಡರಿಗೆ ಮಾತ್ರ ಅದನ್ನು ನಿಲ್ಲಿಸಿಡಿ.

ಹಿಡಿಯುವುದು

ಮೂರು ದಿನ ಮೊಬೈಲನ್ನು ಸುಮ್ಮನೆ ಇಟ್ಟೆ, ಏನೂ ರೆಕಾರ್ಡ್ ಮಾಡಲಿಲ್ಲ. ಕಾರ್ಡಿನ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ನೀರಿನ ಚೊಂಬು, ಚೊಂಬಿಗೆ ಒರಗಿಸಿ ಮೊಬೈಲು. ಮೊದಲ ದಿನ ಮಕ್ಕಳೆಲ್ಲ ಬಂದು ನಾಲಿಗೆ ಚಾಚಿದ್ದೇ ಚಾಚಿದ್ದು. ಮೂರನೇ ದಿನಕ್ಕೆ ಅದೂ ಚೊಂಬಿನ ಹಾಗೆ ಇನ್ನೊಂದು ಸಾಮಾನಾಯಿತು.

ಮೊಬೈಲನ್ನು ಅಡ್ಡಲಾಗಿ ಇಡಿ, ಮಗುವಿನ ಕಣ್ಣಿನ ಎತ್ತರಕ್ಕೆ. ನಾವು ನಿಂತುಕೊಂಡು ಹಿಡಿದರೆ ಬರೀ ನೆತ್ತಿ ಕಾಣುತ್ತದೆ. ಕಿಟಕಿ ನಿಮ್ಮ ಬೆನ್ನ ಹಿಂದೆ ಇರಲಿ, ಬೆಳಕು ಮಗುವಿನ ಮುಖಕ್ಕೆ ಬೀಳಲಿ. ಏರ್‌ಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಗಳಿಗೆಯಲ್ಲೇ ಸಿ.ಆರ್‌.ಪಿ. (ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವವರು) ಫೋನ್ ಮಾಡುತ್ತಾರೆ, ಮಾಹಿತಿ ಅರ್ಜೆಂಟ್ ಅಂತ. ನಮ್ಮದು ಶೀಟಿನ ಮಾಡು. ಮಳೆ ಬಂದ ದಿನ ಶಬ್ದವೆಲ್ಲ ಹಾಳು, ಆ ದಿನ ಹಿಡಿಯುವುದೇ ಬೇಡ.

ತುಣುಕು ಸಿಗುವುದು ಎರಡು ದಾರಿಯಲ್ಲಿ. ಒಂದು, ಕಾದು ಹಿಡಿಯುವುದು. ಎಂಥ ತುಂಟನೂ ದಿನಕ್ಕೆ ಒಂದೆರಡು ಸಲ ಸರಿಯಾಗಿ ನಡೆದುಕೊಂಡೇ ಇರುತ್ತಾನೆ, ನಮ್ಮ ಕಣ್ಣು ಅಲ್ಲಿಗೆ ಹೋಗಿರುವುದಿಲ್ಲ ಅಷ್ಟೆ. ಪುಟ್ಟ ಕಾರ್ಡು ವಾಪಸ್ಸು ಇಡುವುದು ನನಗೆ ಹೀಗೆಯೇ ಸಿಕ್ಕಿತು, ಎರಡನೇ ದಿನ, ಮಧ್ಯಾಹ್ನದ ಊಟದ ಬೆಲ್ಲಿಗೆ ಮುಂಚೆ. ಬಿಸಿಯೂಟಕ್ಕೆ ಓಡುವ ಆತುರದಲ್ಲಿ ಇಟ್ಟದ್ದು, ಆದರೂ ಇಟ್ಟ.

ಇನ್ನೊಂದು, ನಾಟಕ ಮಾಡಿಸುವುದು. ಕೇಳುವುದು, ಕಾಯುವುದು ಇವು ಎಷ್ಟು ದಿನ ಕಾದರೂ ಸಿಗಲಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪುಟ್ಟನನ್ನೂ ಆ ಜಡೆಯ ಹುಡುಗಿಯನ್ನೂ ಉಳಿಸಿಕೊಂಡು, "ಸಿನಿಮಾ ಶೂಟಿಂಗ್ ಮಾಡೋಣ" ಅಂದೆ. ಹುಡುಗಿ ಕಾರ್ಡು ಹಿಡಿದು ಗೋಡೆಯ ಕಪ್ಪುಹಲಗೆಯಲ್ಲಿ ಬರೆಯಬೇಕು, ಇವನು ಹೋಗಿ ಕೇಳಬೇಕು. ಮೊದಲ ಸಲ ಕೇಳಿದ, ಕೇಳುತ್ತಲೇ ಕಿತ್ತುಕೊಂಡ. ಎರಡನೇ ಸಲ ನಗು. ಮೂರನೇ ಸಲಕ್ಕೆ ನಾನು ಮೊಬೈಲಿನ ಹಿಂದೆ ನಿಂತು ಮೆಲ್ಲಗೆ "ಮುಗಿದ ಮೇಲೆ..." ಅಂತ ಹೇಳಿಕೊಟ್ಟೆ, ಅವನು "ನಂಗೆ ಕೊಡ್ತೀಯಾ" ಅಂತ ಮುಗಿಸಿದ. ಆಮೇಲೆ ಇಡೀ ಮಾತು ಒಬ್ಬನೇ ಹೇಳಿದ. ಅದಾಗಿ ಐದು ಸೆಕೆಂಡು ಕಾದ. ಐದೇ ಸೆಕೆಂಡು, ಆಮೇಲೆ ಕೈ ಮುಂದೆ ಬಂತು. ನನಗೆ ಅಷ್ಟು ಸಾಕಾಗಿತ್ತು.

ಕತ್ತರಿಸಿ ಜೋಡಿಸುವುದು

ಎರಡು ನಿಮಿಷಕ್ಕೆ ನನ್ನ ಹತ್ತಿರ ಇಪ್ಪತ್ತು ನಿಮಿಷದ ತುಣುಕುಗಳಿದ್ದವು. ಕಂಪ್ಯೂಟರ್ ಬೇಕಿಲ್ಲ. ಮೊಬೈಲಿನ ಗ್ಯಾಲರಿಯಲ್ಲೇ ತುದಿ ಬುಡ ಕತ್ತರಿಸಬಹುದು, ತುಣುಕು ಜೋಡಿಸಲು ಯಾವುದಾದರೂ ಉಚಿತ ಆ್ಯಪ್ ಸಾಕು. ರಾತ್ರಿ ಪಾತ್ರೆ ತೊಳೆದಿಟ್ಟು ಕೂತೆ. ಮೊದಲ ಸಲ ಮೂರು ಗಂಟೆ ಹಿಡಿಯಿತು. ಈಗ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಮೊದಲು ಎಸೆಯಬೇಕಾದದ್ದನ್ನು ಎಸೆಯಿರಿ: ತಪ್ಪು ಮಾಡಿದ ಭಾಗ, ನಿಮ್ಮ ದನಿ ಕೇಳುವ ಭಾಗ, ಅವನು ನಿಮ್ಮ ಕಡೆ "ಸರೀನಾ" ಅಂತ ತಿರುಗಿ ನೋಡುವ ಭಾಗ. ಈ ಕೊನೆಯದು ಬಹಳ ಜನಕ್ಕೆ ತಪ್ಪಿಹೋಗುತ್ತದೆ. ಮಗು ಟೀಚರ್ ಮುಖ ನೋಡಿ ಮಾಡಿದ್ದು ವಿಡಿಯೋದಲ್ಲಿ ಉಳಿದರೆ, ಟೀಚರ್ ಮುಖ ನೋಡುವುದನ್ನೂ ಕಲಿಯುತ್ತದೆ.

ಈಗ ಆ ಐದು ಸೆಕೆಂಡು. ಅವನು ಕೇಳುವುದು, ಕಾಯುತ್ತಾ ನಿಂತ ಮುಖ ಎರಡು ಸೆಕೆಂಡು, ಹುಡುಗಿಯ ಕೈ ಹಲಗೆಯ ಮೇಲೆ ಬರೆಯುವುದು ಆರು ಸೆಕೆಂಡು, ಮತ್ತೆ ಅವನ ಮುಖ, ಆಮೇಲೆ ಬೇರೆ ಹೊತ್ತಿನಲ್ಲಿ ಹಿಡಿದಿದ್ದ ಅವನ ಮಡಚಿದ ಕೈ, ಮತ್ತೆ ಹುಡುಗಿಯ ಬಳಪ, ಕೊನೆಗೆ ಅವಳು ಕಾರ್ಡು ಚಾಚುವುದು. ನೋಡುವವರಿಗೆ ಅರ್ಧ ನಿಮಿಷ ಕಾದ ಹಾಗೆ ಕಾಣುತ್ತದೆ. ಹೆಡ್ ಮಾಸ್ಟರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, "ಇದು ಮೋಸ ಅಲ್ವೇನ್ರಿ?" ಅಂದರು. ಒಳ್ಳೆಯ ಪ್ರಶ್ನೆ, ನಾನೂ ಎರಡು ದಿನ ಇದನ್ನೇ ತಲೆಯಲ್ಲಿ ತಿರುಗಿಸಿದ್ದೆ. ಈ ಬಗೆಯ ಜೋಡಣೆಗೆ ಪೀಟರ್ ಡೌರಿಕ್ ಅನ್ನುವ ಮನಶ್ಶಾಸ್ತ್ರಜ್ಞರು ಫೀಡ್‌ಫಾರ್ವರ್ಡ್ ಅಂತ ಹೆಸರಿಟ್ಟಿದ್ದಾರೆ: ಮಗುವಿಗೆ ಬಿಡಿಬಿಡಿಯಾಗಿ ಬರುವ ಕೆಲಸಗಳನ್ನು ಪೋಣಿಸಿ, ಅದು ಇನ್ನೂ ಮಾಡದ ಆದರೆ ನಾಳೆ ಮಾಡಬಲ್ಲ ಕೆಲಸವನ್ನು ಇವತ್ತೇ ಅದಕ್ಕೆ ತೋರಿಸುವುದು. ಒಂದೊಂದು ತುಣುಕೂ ಅವನು ನಿಜವಾಗಿ ಮಾಡಿದ್ದೇ. ಹೆಡ್ ಮಾಸ್ಟರು ಪೂರ್ತಿ ಒಪ್ಪಲಿಲ್ಲ, "ನೋಡೋಣ" ಅಂದರು. ನನ್ನ ಲೆಕ್ಕದಲ್ಲಿ ಗೆರೆ ಇರುವುದು ಇಲ್ಲಿ: ಅರ್ಧ ನಿಮಿಷ ಕಾಯುವುದು ಅವನ ಕೈಗೆಟಕುವ ಮಾತು. ನಲವತ್ತು ನಿಮಿಷ ಕದಲದೆ ಕೂತ ಹಾಗೆ ಜೋಡಿಸಿದ್ದರೆ ಮೋಸವೇ ಆಗುತ್ತಿತ್ತು, ಅವನೇ ನೋಡಿ "ಇದು ನಾನಲ್ಲ" ಅನ್ನುತ್ತಿದ್ದ.

ಮಾತಾಡದ ಮಕ್ಕಳಿಗೂ ಈ ಜೋಡಣೆಯೇ ದಾರಿ. ನಮ್ಮಲ್ಲಿ ಒಂದನೇ ಕ್ಲಾಸಿನ ಮಗುವೊಂದು ಮನೆಯಲ್ಲಿ ಪಟಪಟ ಅನ್ನುತ್ತಿತ್ತು, ಶಾಲೆಯ ಹೊಸಿಲು ದಾಟಿದರೆ ತುಟಿ ಬಿಚ್ಚದು. ನಾನಿಲ್ಲದಾಗ ತರಗತಿಯಲ್ಲಿ ಅವಳ ಜಾಗದಲ್ಲೇ ಅವಳನ್ನು ಕೂರಿಸಿ, ಅಮ್ಮ ಒಂದೊಂದೇ ಪ್ರಶ್ನೆ ಕೇಳಿದರು, ಹೆಸರೇನು, ಇದು ಯಾವ ಹಣ್ಣು, ನಿನ್ನೆ ಏನು ತಿಂದೆ. ಉತ್ತರ ಮೊಬೈಲಿಗೆ ಬಿತ್ತು. ಆಮೇಲೆ ಅದೇ ಪ್ರಶ್ನೆಗಳನ್ನು ನಾನು ಅದೇ ಜಾಗದಲ್ಲಿ ಕೇಳುವುದನ್ನು ಬೇರೆ ಹಿಡಿದು, ಅಮ್ಮನನ್ನು ತೆಗೆದು ನನ್ನನ್ನು ಸೇರಿಸಿದೆ. ಮಗು ನೋಡುವಾಗ ಮಿಸ್ಸಿನ ಪ್ರಶ್ನೆಗೆ ತಾನು ಉತ್ತರ ಕೊಡುತ್ತಿದ್ದಾಳೆ. ಮೂರು ವಾರಕ್ಕೆ ನನ್ನ ಕಿವಿಯಲ್ಲಿ "ಸೀಬೆ" ಅಂದಳು. ಪಿಸುಮಾತು, ಆದರೂ ಮಾತು. ಒಂದು ತಿಂಗಳಿಗಿಂತ ಹೆಚ್ಚು ಕಾಲ ಮಗು ಹೀಗೆ ಮೌನವಾಗಿಯೇ ಇದ್ದರೆ ಮನೋವೈದ್ಯರಿಗೋ ವಾಕ್ ತಜ್ಞರಿಗೋ ತೋರಿಸಲೇಬೇಕು; ಈ ಕಡೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವಿಡಿಯೋ ಅದಕ್ಕೆ ಬದಲಲ್ಲ.

ವಿಡಿಯೋದ ಮೊದಲಿಗೆ ಒಂದು ಸಾಲು: "ಪುಟ್ಟ ಕಾರ್ಡು ತರುತ್ತಾನೆ." ನಡುವೆ ಅಗತ್ಯವಿದ್ದ ಕಡೆ ಅವನದೇ ದನಿ. ಕೊನೆಗೆ ಅವನು ನಗುವ ಒಂದು ಚಿತ್ರ, ನನ್ನ ಒಂದು ಮಾತು: "ಕೇಳಿ ತಗೊಂಡೆ ಪುಟ್ಟ, ಕಾದೆ." ಹಿನ್ನೆಲೆ ಸಂಗೀತ, ಹಾರುವ ಹೃದಯ, ಮಿನುಗುವ ಅಕ್ಷರ ಯಾವುದೂ ಬೇಡ. ಮೊದಲ ಸಲ ನಾನೂ ಒಂದು ಹಾಡು ಹಾಕಿದ್ದೆ. ಪುಟ್ಟ ಹಾಡು ಕೇಳಿಕೊಂಡು ಕುಣಿದ, ಕಾರ್ಡಿನ ಕಡೆ ನೋಡಲಿಲ್ಲ.

ತೋರಿಸುವುದು

ಬೆಳಿಗ್ಗೆ ಪ್ರಾರ್ಥನೆ ಆಗಿ, ಕ್ಷೀರಭಾಗ್ಯದ ಹಾಲು ಕುಡಿದು, ನಲಿಕಲಿ ಶುರುವಾಗುವ ಮೊದಲು. ಅಂದರೆ ಆ ನಡತೆ ಬೇಕಾಗುವ ಹೊತ್ತಿಗೆ ಸರಿಯಾಗಿ ಮುಂಚೆ. ಕಂಬದ ಹಿಂದೆ ಒಂದು ಮಣೆ ಹಾಕಿ ಅವನನ್ನು ಕೂರಿಸಿ, ಒಂದು ಸಲ ಹಾಕಿ ತೋರಿಸುವುದು. ಇನ್ನೊಂದ್ಸಲ ಅಂದರೆ ಇನ್ನೊಂದು ಸಲ. ಎರಡು ವಾರ, ಶಾಲೆ ಇರುವ ಪ್ರತಿ ದಿನ.

ಬಾಯಿ ಮುಚ್ಚಿಕೊಂಡಿರುವುದು ಈ ಇಡೀ ಕೆಲಸದಲ್ಲಿ ಶಿಕ್ಷಕರಿಗೆ ಅತ್ಯಂತ ಕಷ್ಟದ ಭಾಗ. "ನೋಡಿದ್ಯಾ? ಹಿಂಗಿರಬೇಕು. ದಿನಾ ಯಾಕೆ ಹಿಂಗೆ ಮಾಡಲ್ಲ ನೀನು?" ಅಂತ ನಾಲಿಗೆ ತುದಿಗೆ ಬರುತ್ತದೆ. ಆ ಒಂದು ಮಾತಿಗೆ ವಿಡಿಯೋ ಮತ್ತೆ ದೂರಾಗುತ್ತದೆ. ಹೇಳಲೇಬೇಕೆಂದರೆ ಪರದೆಯಲ್ಲಿ ಕಾಣುವುದನ್ನಷ್ಟೇ ಹೇಳಿ: "ಓ, ಇಲ್ಲಿ ಕೇಳಿದೆ." ಅವನು ಏನಾದರೂ ಅಂದರೆ ಹೂಂಗುಟ್ಟಿ.

ಜಗಳ ಆಡಿದ ಮೇಲೆ "ಬಾ, ನಿನ್ನ ವಿಡಿಯೋ ನೋಡು ಬಾ" ಅಂತ ಕೂಗಿ ತೋರಿಸಬೇಡಿ. ಬಹುಮಾನವಾಗಿಯೂ ಬೇಡ, "ತಪ್ಪು ಮಾಡಿದ್ರೆ ಇವತ್ತು ಇಲ್ಲ" ಅಂತ ತಡೆಹಿಡಿಯುವುದೂ ಬೇಡ. ಇಡೀ ತರಗತಿಗೆ ತೋರಿಸುವುದೂ ಬೇಡ. ಉಳಿದವರು ನಗುತ್ತಾರೆ, ಇಲ್ಲವೇ ಹದಿನಾರು ಜನವೂ ತಮ್ಮದೊಂದು ಮಾಡಿ ಅಂತ ಸೆರಗು ಹಿಡಿಯುತ್ತಾರೆ. ಈ ಎರಡನೆಯದು ನನಗೆ ಆಗಿದೆ. ಮಕ್ಕಳನ್ನು ಮಾನಸಿಕವಾಗಿ ನೋಯಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಅನ್ನುವುದು ನಮಗೆಲ್ಲ ಬಾಯಿಪಾಠ. ಇನ್ನೊಬ್ಬರ ಮುಂದೆ ಮಗುವಿನ ತಪ್ಪಿನ ವಿಡಿಯೋ ಹಾಕುವುದು ಅದರೊಳಗೆ ಬರುತ್ತದೋ ಇಲ್ಲವೋ ಅಂತ ಗೌರಿ ಹಬ್ಬದ ದಿನ ನಾನು ಯೋಚಿಸಿರಲಿಲ್ಲ.

ಹುಣಸೆ ಬೀಜ ಏನು ಹೇಳಿತು

ತೋರಿಸಲು ಶುರು ಮಾಡಿದ ಮೇಲೂ ಅದೇ ಅರ್ಧ ಗಂಟೆ ಎಣಿಕೆ ನಿಲ್ಲಿಸಬೇಡಿ. ಮೊದಲ ವಾರ 8, 6, 6, 5, 3. ಗುರುವಾರ ಅವನು ಒಬ್ಬನ ಮುಂದೆ ನಿಂತು ವಿಡಿಯೋದ ರಾಗದಲ್ಲೇ "ಮುಗಿದ್ಮೇಲೆ ನಂಗೆ ಕೊಡ್ತೀಯಾ" ಅಂದ, ಕೈಯನ್ನು ವಿಡಿಯೋದಲ್ಲಿದ್ದಂತೆಯೇ ಮಡಚಿಕೊಂಡ. ಎದುರಿನವನು ಗಾಬರಿಯಾಗಿ ಅರ್ಧಕ್ಕೇ ಕಾರ್ಡು ಕೊಟ್ಟುಬಿಟ್ಟ. ಎರಡನೇ ವಾರ 3, 2, 3, 1, 2. ಮೂರನೇ ಸೋಮವಾರ ಇದ್ದಕ್ಕಿದ್ದಂತೆ 9. ಭಾನುವಾರ ಊರ ಜಾತ್ರೆ, ರಾತ್ರಿ ಎರಡರವರೆಗೆ ನಾಟಕ ನೋಡಿ ನಿದ್ದೆಗಣ್ಣಲ್ಲಿ ಬಂದಿದ್ದ. ಇಂಥ ಒಂದು ದಿನಕ್ಕೆ ಹೆದರಿ ವಿಡಿಯೋ ಬದಲಿಸಬೇಡಿ. ಮಂಗಳವಾರ ಮತ್ತೆ 2.

ಹತ್ತು ದಿನವಾದರೂ ಲೆಕ್ಕ ಕದಲದಿದ್ದರೆ ಮಾತ್ರ ಕೂತು ಯೋಚಿಸಿ. ನನಗೆ ಹಾಗಾದದ್ದು ಇನ್ನೊಬ್ಬ ಹುಡುಗನ ವಿಷಯದಲ್ಲಿ. ಬೋರ್ಡು ನೋಡಿ ಬರೆಯುವ ಹೊತ್ತಿಗೆ ಎದ್ದು ಓಡುತ್ತಿದ್ದ. ಕೂತು ಬರೆಯುವ ವಿಡಿಯೋ ಮಾಡಿದೆ, ಸಂತೋಷವಾಗಿ ನೋಡಿದ, ಎದ್ದು ಓಡಿದ. ಅವನಿಗೆ ಆ ಅಕ್ಷರಗಳು ಬರುತ್ತಲೇ ಇರಲಿಲ್ಲ. ವಿಡಿಯೋದಲ್ಲಿ ಅವನು ಬರೆದದ್ದು ನಾನು ಚುಕ್ಕಿ ಇಟ್ಟುಕೊಟ್ಟಿದ್ದನ್ನು ತಿದ್ದಿದ್ದು. ಬರದ ವಿದ್ಯೆಯನ್ನು ವಿಡಿಯೋ ಕಲಿಸುವುದಿಲ್ಲ. ಎರಡು ಮೆಟ್ಟಿಲು ಕೆಳಗಿಳಿಸಿ ಅಕ್ಷರದಿಂದ ಶುರು ಮಾಡಬೇಕಾಯಿತು.

ಲೆಕ್ಕ ಇಳಿದು ನಿಂತ ಮೇಲೆ ತೋರಿಸುವುದನ್ನು ದಿನ ಬಿಟ್ಟು ದಿನ, ಆಮೇಲೆ ಸೋಮವಾರಕ್ಕೊಮ್ಮೆ, ಆಮೇಲೆ ಅವನು ಕೇಳಿದಾಗ ಮಾತ್ರ ಅಂತ ಇಳಿಸಿಕೊಂಡು ಬನ್ನಿ. ಸಂಕ್ರಾಂತಿ ಆದ ಮೇಲೆ ಪುಟ್ಟ ಕೇಳುವುದನ್ನೇ ಬಿಟ್ಟ. ಜಡೆ ಎಳೆಯುವುದಕ್ಕೆ ಬೇರೆ ವಿಡಿಯೋ ಮಾಡಬೇಕು ಅಂದುಕೊಂಡಿದ್ದೆ, ಕಾರ್ಡಿನ ಜಗಳ ನಿಂತ ಮೇಲೆ ಅದೂ ಮುಕ್ಕಾಲು ಪಾಲು ನಿಂತಿತು. ತೆಂಗಿನ ಗರಿ ಮಾತ್ರ ಇವತ್ತಿಗೂ ಬರುತ್ತದೆ.

ಅಳಿಸುವುದು

ಯುಗಾದಿಗೆ ಅವರಪ್ಪ ಬಂದರು. ಈ ಸಲ ನಾನು ಕರೆಯಲಿಲ್ಲ, ಅಜ್ಜಿಯೇ ಕಳಿಸಿದ್ದರು. ಮೊಬೈಲ್ ಕೊಟ್ಟೆ. ಎರಡು ನಿಮಿಷ ನೋಡಿ, ಮತ್ತೆ ಮೊದಲಿಂದ ಹಾಕಿ ನೋಡಿ, "ಇದನ್ನ ನಂಗೆ ಕಳಿಸಿ ಮೇಡಂ, ಗಾಡೀಲಿ ಕಾಯ್ತಾ ಕೂತಾಗ ನೋಡ್ತೀನಿ" ಅಂದರು. ಹುಡುಗಿಯ ಮುಖ ಇರುವ ಭಾಗ ತೆಗೆದು ಪುಟ್ಟ ಒಬ್ಬನೇ ಇರುವ ಐವತ್ತು ಸೆಕೆಂಡು ಬ್ಲೂಟೂತಿನಲ್ಲಿ ಕಳಿಸಿಕೊಟ್ಟೆ. ಆಮೇಲೆ ಮಾತು ಕೊಟ್ಟಿದ್ದಂತೆ ಅಪ್ಪ ಮಗ ಇಬ್ಬರ ಎದುರಿಗೇ ನನ್ನ ಮೊಬೈಲಿನಿಂದ ಅಳಿಸಿದೆ, ಗೌರಿ ಹಬ್ಬದ್ದನ್ನೂ ಸೇರಿಸಿ. ಪುಟ್ಟ ಮೊಬೈಲಿನ ಮೇಲೆ ಬಗ್ಗಿ ನೋಡುತ್ತಿದ್ದವನು, "ಮಿಸ್, ಕಸದ ಬುಟ್ಟೀಲಿ ಇನ್ನೂ ಐತೆ" ಅಂದ. ನಿಜ, ಗ್ಯಾಲರಿಯಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಮೂವತ್ತು ದಿನ ಆ ಬುಟ್ಟಿಯಲ್ಲಿ ಬಿದ್ದಿರುತ್ತದೆ. ಅಲ್ಲಿಗೂ ಹೋಗಿ ಖಾಲಿ ಮಾಡಿ.